ಮ್ಯುಂಖ್‌ಹೌಸನ್ ಚಲಚ್ಚಿತ್ರ: ಒಂದು ಸುಳ್ಳಿನ ಕಥೆಯ ಇತಿಹಾಸಮೌಲ್ಯ

ಇತಿಹಾಸದ ಆಧಾರಗಳೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಶಾಸನಗಳು, ನಾಣ್ಯಗಳು, ರಾಜಪತ್ರಗಳು ಮತ್ತು ಪ್ರವಾಸಿಗಳ ಬರಹಗಳು. ಇಪ್ಪತ್ತನೆಯ ಶತಮಾನವನ್ನು ಅಭ್ಯಾಸಮಾಡುವವನಿಗೆ ಇವುಗಳ ಜೊತೆಗೆ ಚಲಚ್ಚಿತ್ರವೆಂಬ ಇನ್ನೊಂದು ಆಧಾರವೂ ಒದಗಿದೆ. ವಾರ್ತಾಚಿತ್ರವನ್ನು ಆಧಾರವೆಂದು ಒಪ್ಪಲು ಈಗ ಯಾರೂ ಹಿಂಜರಿಯುವುದಿಲ್ಲ. ಆದರೆ ಕಲ್ಪಿತಕಥೆಯ ಚಿತ್ರ, ಅದರಲ್ಲಿಯೂ ತೋಪಿನ ಗುಂಡಿನ ಮೇಲೆ ಕುಳಿತು ಹಾರುವ, ಬೆಲೂನನ್ನೇರಿ ಚಂದ್ರಲೋಕಕ್ಕೆ ಹೋಗುವ ನಾಯಕನ ಚಿತ್ರ, ಇತಿಹಾಸಕಾರನಿಗೆ ಏನನ್ನು ತಾನೆ ಹೇಳೀತು? ತರಗತಿಯಲ್ಲಿ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಕೇಳುವುದುಂಟು. ಅದಕ್ಕೆ ಉತ್ತರವನ್ನು ಸಾಮಾನ್ಯ ಸೂತ್ರವಾಗಿ ಹೇಳುವುದಕ್ಕಿಂತ ಒಂದು ನಿದರ್ಶನದ ಮೂಲಕ ಹೇಳುವುದು ಉಚಿತವೆಂದು ತೋರುತ್ತದೆ. 1943ನೆಯ ಇಸವಿಯಲ್ಲಿ ಜರ್ಮನಿಯಲ್ಲಿ ತೆರೆಕಂಡ ‘ಮ್ಯುಂಖ್‌ಹೌಸನ್’ ಎಂಬ ವರ್ಣಚಿತ್ರವನ್ನು ಈ ಕಾರಣದಿಂದ ಇಲ್ಲಿ ವಿಮರ್ಶೆಗೆ ತೆಗೆದುಕೊಳ್ಳಲಾಗಿದೆ.

1. ಬ್ಯಾರನ್ ಮತ್ತು ಅವನ ಕಥೆಗಳು

ಕಥಾನಾಯಕನು ಕೇವಲ ಕವಿಕಲ್ಪಿತನಲ್ಲ. ಹಿರೋನಿಮಸ್ ಕಾರ್ಲ್ ಫ್ರೀಡ್ರಿಖ್ ಫಾನ್ ಮ್ಯುಂಖ್‌ಹೌಸನ್ ಎಂಬ ಸರದಾರನು 1720ರಲ್ಲಿ ವೇಸರ್ ನದಿಯ ದಡದ ಬೋಡನ್‌ವೆರ್ಡರ್ ಎಂಬ ಊರಿನಲ್ಲಿ ಹುಟ್ಟಿದನು. ಬ್ರನ್ಸ್‌ವಿಕ್ಕಿನ ರಾಜಕುಮಾರ ಆಂಟನ್ ಉಲ್ರಿಖ್‌ನ ಪರಿವಾರಕ್ಕೆ ಸೇರಿ ರಷ್ಯಕ್ಕೆ ಹೋದನು. ಅಲ್ಲಿಯ ಅಶ್ವದಳದಲ್ಲಿ ಸೇವೆಮಾಡಿ 1750ರಲ್ಲಿ ದಳಪತಿಯಾದನು. ಬಳಿಕ ಸ್ವಗ್ರಾಮಕ್ಕೆ ಮರಳಿ, ಬೇಟೆಯಾಡುತ್ತ, ಸಂಜೆಯ ಹೊತ್ತು ಅತಿಥಿಗಳಿಗೆ ತನ್ನ ಯುದ್ಧದ ಮತ್ತು ಬೇಟೆಯ ಅನುಭವಗಳನ್ನು ರಂಗುಗಟ್ಟಿ ಹೇಳುತ್ತ ಕಾಲಕಳೆದು 1797ರಲ್ಲಿ ತೀರಿಕೊಂಡನು.

ಈ ಮಾತುಗಳು ಅವನ ಮನೆಯಲ್ಲಿಯೇ ಉಳಿಯಲಿಲ್ಲ. 1781ರಲ್ಲಿ ಬರ್ಲಿನ್ನಿನ ಒಂದು ವಿನೋದಸಂಗ್ರಹದಲ್ಲಿ ಅವುಗಳಲ್ಲಿ ಕೆಲವು ಅಚ್ಚಾದುವು. ರುಡಾಲ್ಫ್ ಎರಿಖ್ ರಾಸ್ಪೆ ಎಂಬ ವಿದ್ವಾಂಸನು, ಕಾಸೆಲ್ ಸಂಸ್ಥಾನದ ಸಂಗ್ರಹಾಲಯದಲ್ಲಿ ತನ್ನ ವಶದಲ್ಲಿದ್ದ ಅಮೂಲ್ಯ ವಸ್ತುಗಳನ್ನು ಕದ್ದು ಮಾರಿದ ಅಪರಾಧಕ್ಕೆ ಹೆದರಿ 1775ರಲ್ಲಿ ಇಂಗ್ಲೆಂಡಿಗೆ ಓಡಿಹೋಗಿದ್ದವನು, 1785ರಲ್ಲಿ ಈ ಕಥೆಗಳನ್ನು ಇಂಗ್ಲಿಷಿನಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದನು. ಮರುವರ್ಷವೇ ಗ್ಯೋಟಿಂಗನ್ನಿನ ಕವಿ ಗಾಟ್‌ಫ್ರೀಡ್ ಆಗಸ್ಟ್ ಬ್ಯುರ್ಗರ್ ಅವುಗಳನ್ನು ಜರ್ಮನ್ ಭಾಷೆಗೆ ತಂದು, ತನ್ನದೇ ಆದ ಕಥೆಗಳನ್ನು ಸೇರಿಸಿ ಬೆಳೆಸಿದನು. ಅವನೂ ತನ್ನ ಹೆಸರನ್ನು ಪ್ರಕಟಪಡಿಸಲಿಲ್ಲ. ಬದುಕಿದ್ದಾಗಲೇ ‘ಸುಳ್ಳುಗಾರ ಬ್ಯಾರನ್’ ಎಂಬ ಖ್ಯಾತಿಗೆ ಗುರಿಯಾದ ಮುದುಕನಿಗೆ ಇದರಿಂದ ಸಂತೋಷವಾಗಲಿಲ್ಲ. ಈ ಕಥೆಗಳು ಮೊದಲಿನಿಂದಲೂ ಹೆಸರನ್ನು ಮರೆಸಿಕೊಂಡವರ ಕೈಯಿಂದಲೇ ಲೋಕಕ್ಕೆ ಬಂದುವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. 1943ರ ಚಿತ್ರದಲ್ಲಿಯೂ ಹಾಗೆಯೇ ಆಯಿತು.

2. ಚಿತ್ರ ನಿರ್ಮಾಣದ ಸಂದರ್ಭ

ಉಫಾ ಎಂಬುದು ಆಗ ಜರ್ಮನಿಯ ಅತಿ ದೊಡ್ಡ ಚಿತ್ರಸಂಸ್ಥೆಯಾಗಿದ್ದಿತು. ಮೊದಲನೆಯ ಮಹಾಯುದ್ಧದ ನಡುವೆ, 1917ರ ಡಿಸೆಂಬರಿನಲ್ಲಿ, ಸೈನ್ಯಾಧಿಕಾರಿಗಳ ಪ್ರೋತ್ಸಾಹದಿಂದಲೇ ಅದು ಹುಟ್ಟಿತು. ಮುಂದಿನ ದಶಕದಲ್ಲಿ ‘ನಿಬೆಲುಂಗನ್’ (1924), ‘ಮೆಟ್ರೊಪೊಲಿಸ್’ (1927) ಮುಂತಾದ ಅದ್ಭುತರಸಪ್ರಧಾನ ಚಿತ್ರಗಳಿಂದ ಅದಕ್ಕೆ ಜಗತ್ಪ್ರಸಿದ್ಧಿ ಲಭಿಸಿತು. ನಾತ್ಸಿಗಳು ಅಧಿಕಾರಕ್ಕೆ ಬಂದ 1933ರಲ್ಲಿಯೇ ಅದು ತನ್ನ ಯೆಹೂದಿ ನೌಕರರನ್ನು ಹೊರಹಾಕಿತು. ಅದರ ಕೀರ್ತಿಯನ್ನು ಕಟ್ಟಿದವರಲ್ಲಿ ಪ್ರಮುಖರಾದ ನಿರ್ಮಾಪಕ ಎರಿಖ್ ಪೊಮ್ಮರ್ ಮತ್ತು ನಿರ್ದೇಶಕ ಫ್ರಿಟ್ಸ್ ಲಾಂಗ್ ಅದೇ ವರ್ಷ ದೇಶವನ್ನು ಬಿಟ್ಟರು. 1937ರಲ್ಲಿ ಸಂಸ್ಥೆಯು ಸರಕಾರದ ಕೈಸೇರಿತು. 1942ರಲ್ಲಿ ಜರ್ಮನಿಯ ಚಿತ್ರೋದ್ಯಮವೆಲ್ಲವೂ ಒಂದೇ ಸರಕಾರಿ ಸಂಘಟನೆಯ ಅಧೀನವಾಯಿತು.

ಈ ಸಂಸ್ಥೆಯ ಇಪ್ಪತ್ತೈದನೆಯ ವಾರ್ಷಿಕೋತ್ಸವಕ್ಕಾಗಿ ಪ್ರಚಾರಸಚಿವ ಗೋಬೆಲ್ಸನ ಅಪೇಕ್ಷೆಯಂತೆ ತಯಾರಾದುದು ‘ಮ್ಯುಂಖ್‌ಹೌಸನ್’. ಅದಕ್ಕೆ ತಗುಲಿದ ವೆಚ್ಚ ಸುಮಾರು 65 ಲಕ್ಷ ಮಾರ್ಕುಗಳು. ಹಂಗರಿಯಲ್ಲಿ ಹುಟ್ಟಿದ ಯೋಸೆಫ್ ಫಾನ್ ಬಾಕಿ ಅದರ ನಿರ್ದೇಶಕ. ಜನಪ್ರಿಯ ನಟ ಹಾನ್ಸ್ ಆಲ್ಬರ್ಸ್ ನಾಯಕನ ಪಾತ್ರವನ್ನೂ, ಬ್ರಿಗಿಟ್ ಹೋರ್ನಿ ರಷ್ಯದ ಮಹಾರಾಣಿ ಕ್ಯಾಥರೀನಳ ಪಾತ್ರವನ್ನೂ ವಹಿಸಿದರು. ಬಾಬೆಲ್ಸ್‌ಬರ್ಗಿನ ಚಿತ್ರಶಾಲೆಯಲ್ಲಿ ಅರಮನೆಗಳೂ ಚಂದ್ರಲೋಕವೂ ಎದ್ದುನಿಂತುವು. ಹೊರಾಂಗಣ ದೃಶ್ಯಗಳಿಗಾಗಿ ತಂಡವು ವೆನಿಸ್ ನಗರಕ್ಕೂ ಹೋಯಿತು.

ಬಣ್ಣದ ವಿಷಯವಾಗಿ ಒಂದು ಮಾತು. ಅಮೆರಿಕದ ಟೆಕ್ನಿಕಲರ್ ಪದ್ಧತಿಯಲ್ಲಿ ಆಗ ವಿಶೇಷ ಕ್ಯಾಮರಾ ಬೇಕಾಗಿದ್ದಿತು; ಬೆಳಕನ್ನು ಸ್ಫಟಿಕದಿಂದ ಒಡೆದು ಮೂರು ಬೇರೆ ಬೇರೆ ನೆಗೆಟಿವ್‌ಗಳ ಮೇಲೆ ಮೂಡಿಸಬೇಕಾಗಿದ್ದಿತು. ಜರ್ಮನಿಯ ವೋಲ್ಫನ್ ಕಾರ್ಖಾನೆಯಲ್ಲಿ ಸಿದ್ಧವಾದ ಆಗ್‌ಫಾಕಲರ್ ಪದ್ಧತಿಯಲ್ಲಿಯಾದರೋ ಒಂದೇ ಫಿಲ್ಮಿನ ಮೇಲೆ ನೀಲಿ, ಹಸುರು, ಕೆಂಪು ಬೆಳಕಿಗೆ ಸ್ಪಂದಿಸುವ ಮೂರು ಪದರಗಳಿದ್ದುವು. ವರ್ಣವನ್ನುಂಟುಮಾಡುವ ರಾಸಾಯನಿಕಗಳು ಆ ಪದರಗಳಲ್ಲಿಯೇ ಅಡಗಿದ್ದುವು. ಆದುದರಿಂದ ಸಾಮಾನ್ಯ ಕ್ಯಾಮರಾದಿಂದಲೇ ವರ್ಣಚಿತ್ರವನ್ನು ತೆಗೆಯಬಹುದಾಗಿದ್ದಿತು. ಈ ಪದ್ಧತಿಯಲ್ಲಿ ತಯಾರಾದ ಪೂರ್ಣಪ್ರಮಾಣದ ಕಥಾಚಿತ್ರಗಳಲ್ಲಿ ‘ಮ್ಯುಂಖ್‌ಹೌಸನ್’ ಮೂರನೆಯದು. ಶತ್ರುರಾಷ್ಟ್ರಗಳ ವರ್ಣಚಿತ್ರಗಳಿಗೆ ಸರಿಸಾಟಿಯಾದುದು ತಮ್ಮಲ್ಲಿಯೂ ಉಂಟೆಂದು ತೋರಿಸುವುದು ಸರಕಾರದ ಉದ್ದೇಶಗಳಲ್ಲೊಂದು.

ಚಿತ್ರದ ಪ್ರಥಮ ಪ್ರದರ್ಶನ 1943ರ ಮಾರ್ಚಿ 5ರಂದು ಬರ್ಲಿನ್ನಿನ ‘ಉಫಾ ಪಾಲಾಸ್ಟ್’ ಮಂದಿರದಲ್ಲಿ ನಡೆಯಿತು. ಈ ದಿನಾಂಕವನ್ನು ಅದರ ನೆರೆಹೊರೆಯ ದಿನಾಂಕಗಳೊಡನೆ ಇಟ್ಟು ನೋಡಬೇಕು. ಫೆಬ್ರವರಿ 2ರಂದು ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನ್ ಸೈನ್ಯದ ಕೊನೆಯ ತುಕಡಿಗಳು ಶರಣಾಗಿದ್ದುವು. ಫೆಬ್ರವರಿ 18ರಂದು ಇದೇ ಗೋಬೆಲ್ಸನು ಬರ್ಲಿನ್ನಿನ ಕ್ರೀಡಾಮಂದಿರದಲ್ಲಿ ಸಮಗ್ರ ಯುದ್ಧದ ಘೋಷಣೆ ಮಾಡಿದ್ದನು. ಮಾರ್ಚಿ 1ರ ರಾತ್ರಿ ಬ್ರಿಟಿಷ್ ವಿಮಾನಗಳು ನಗರದ ಮೇಲೆ ಭಾರಿ ಬಾಂಬುದಾಳಿ ನಡೆಸಿದ್ದುವು. ಜನರ ಅನ್ನ, ಬಟ್ಟೆ, ದುಡಿಮೆಗಳಿಗೆಲ್ಲ ಮಿತಿ ಬಿದ್ದಿದ್ದ ಆ ವಾರಗಳಲ್ಲಿ ತೆರೆಯ ಮೇಲೆ ಮಾತ್ರ ರೇಷ್ಮೆ, ಬಂಗಾರ, ಭೂರಿಭೋಜನ. 1943ರಲ್ಲಿ ಜರ್ಮನಿಯಲ್ಲಿ ಮಾರಾಟವಾದ ಚಿತ್ರಮಂದಿರದ ಟಿಕೆಟ್ಟುಗಳ ಸಂಖ್ಯೆ ನೂರು ಕೋಟಿಗೂ ಮೀರಿದ್ದಿತು. ಮನರಂಜನೆಯೂ ಯುದ್ಧಸಾಧನವೇ ಎಂಬುದು ಗೋಬೆಲ್ಸನ ನಂಬಿಕೆ. ಆ ದೃಷ್ಟಿಯಿಂದ, ಯುದ್ಧದ ಹೆಸರನ್ನೇ ಎತ್ತದಿರುವುದು ಈ ಚಿತ್ರದ ಯುದ್ಧಕಾರ್ಯವಾಗಿದ್ದಿತು.

3. ಹೆಸರಿಲ್ಲದ ಲೇಖಕ

ಇಷ್ಟೇ ಆಗಿದ್ದರೆ ಚಿತ್ರವನ್ನು ಪ್ರಚಾರದ ಒಂದು ಅಂಗವೆಂದು ವರ್ಗೀಕರಿಸಿ ಮುಂದೆ ಸಾಗಬಹುದಾಗಿದ್ದಿತು. ಆದರೆ ಅದರ ಚಿತ್ರಕಥೆಯನ್ನು ಬರೆದವನು ಎರಿಖ್ ಕೆಸ್ಟ್ನರ್. 1899ರಲ್ಲಿ ಡ್ರೆಸ್ಡನ್ನಿನಲ್ಲಿ ಹುಟ್ಟಿದ ಈತನು ‘ಎಮಿಲ್ ಮತ್ತು ಪತ್ತೇದಾರರು’ (1929) ಎಂಬ ಮಕ್ಕಳ ಕಾದಂಬರಿಯಿಂದ ಮನೆಮಾತಾಗಿದ್ದವನು. ಯುದ್ಧೋನ್ಮಾದವನ್ನು ಹಾಸ್ಯಮಾಡಿದ ಕವಿ. 1933ರ ಮೇ 10ರಂದು ಬರ್ಲಿನ್ನಿನ ಚೌಕದಲ್ಲಿ ನಾತ್ಸಿಗಳು ಬೆಂಕಿಗೆಸೆದ ಗ್ರಂಥಗಳಲ್ಲಿ ಕೆಸ್ಟ್ನರನವೂ ಇದ್ದುವು. ಜನರ ಗುಂಪಿನಲ್ಲಿ ನಿಂತು ಅವನೇ ಅದನ್ನು ಕಣ್ಣಾರೆ ಕಂಡನು. ಆದರೂ ಅವನು ದೇಶವನ್ನು ಬಿಡಲಿಲ್ಲ. ತಾಯಿಯನ್ನು ಬಿಟ್ಟುಹೋಗಲಾರದುದು ಒಂದು ಕಾರಣ, ನಡೆಯುವುದಕ್ಕೆಲ್ಲ ಸಾಕ್ಷಿಯಾಗಿದ್ದು ಮುಂದೆ ಬರೆಯಬೇಕೆಂಬುದು ಇನ್ನೊಂದು ಕಾರಣ ಎಂದು ಅವನು ಬಳಿಕ ಹೇಳಿಕೊಂಡನು.

ಲೇಖಕರ ಅಧಿಕೃತ ಮಂಡಲಿಗೆ ಪ್ರವೇಶ ದೊರೆಯದ ಇವನಿಗೆ ಉತ್ಸವಚಿತ್ರವನ್ನು ಬರೆಯಲು ವಿಶೇಷ ಅನುಮತಿ ಸಿಕ್ಕಿತು, ಸ್ವಂತ ಹೆಸರನ್ನು ಬಳಸಕೂಡದೆಂಬ ನಿಬಂಧನೆಯೊಡನೆ. ಅವನು ಆರಿಸಿಕೊಂಡ ಗುಪ್ತನಾಮ ಬೆರ್ಟೋಲ್ಡ್ ಬ್ಯುರ್ಗರ್. ಹಿಂದಿನ ಅನುವಾದಕ ಕವಿಯ ಸ್ಮರಣೆ ಅದರಲ್ಲಿ ಸ್ಪಷ್ಟವಾಗಿದೆ. ದೇಶಭ್ರಷ್ಟನಾಗಿದ್ದ ಬೆರ್ಟೋಲ್ಟ್ ಬ್ರೆಖ್ಟನ ನೆನಪೂ ಇದೆಯೆಂದು ಕೆಲವರು ಊಹಿಸಿದ್ದಾರೆ. ಲೇಖಕನು ಯಾರೆಂಬುದು ಹಿಟ್ಲರನ ಕಿವಿಗೆ ಬಿದ್ದಾಗ ಅವನಿಗೆ ಮತ್ತೆ ಸಂಪೂರ್ಣ ನಿಷೇಧ ಪ್ರಾಪ್ತವಾಯಿತು. ಚಿತ್ರದ ಆರಂಭದ ಹೆಸರುಗಳ ಪಟ್ಟಿಯಲ್ಲಿ ಚಿತ್ರಕಥೆಗಾರನ ನಿಜನಾಮವೂ ಇಲ್ಲ, ಗುಪ್ತನಾಮವೂ ಇಲ್ಲ.

4. ಕಥೆಯ ಸಾರ

ಚಿತ್ರವು ಹದಿನೆಂಟನೆಯ ಶತಮಾನದ ವೇಷಭೂಷಣಗಳ ಒಂದು ನೃತ್ಯಕೂಟದಿಂದ ಮೊದಲಾಗುತ್ತದೆ. ಕ್ಷಣಕಾಲದ ಮೇಲೆ ವಿದ್ಯುದ್ದೀಪವೊಂದು ಹತ್ತುತ್ತದೆ. ಹೊರಗೆ ಮೋಟಾರು ಕಾರು ನಿಂತಿರುತ್ತದೆ. ನಾವು ನೋಡುತ್ತಿದ್ದುದು ಇಪ್ಪತ್ತನೆಯ ಶತಮಾನದ ಒಂದು ವೇಷದ ಔತಣವೆಂದು ಆಗ ತಿಳಿಯುತ್ತದೆ. ಮನೆಯ ಯಜಮಾನನಾದ ಬ್ಯಾರನ್ ತನ್ನ ಪೂರ್ವಜನ ಕಥೆಯನ್ನು ಯುವದಂಪತಿಗಳಿಗೆ ಹೇಳತೊಡಗುತ್ತಾನೆ. ರಷ್ಯದ ರಾಜಧಾನಿ, ಮಹಾರಾಣಿಯ ಪ್ರಣಯ, ತೋಪಿನ ಗುಂಡಿನ ಮೇಲೆ ತುರ್ಕರ ಕೋಟೆಯೊಳಕ್ಕೆ ಸವಾರಿ, ಸುಲ್ತಾನನ ಸೆರೆ, ವಿಯೆನ್ನದಿಂದ ಮದ್ಯದ ಸೀಸೆಯನ್ನು ಗಡುವಿನೊಳಗೆ ತರುವ ಓಟಗಾರ, ಅಂತಃಪುರದಿಂದ ರಾಜಕುಮಾರಿ ಇಸಾಬೆಲ್ಲಳ ವಿಮೋಚನೆ, ವೆನಿಸ್, ಬೆಲೂನು, ಚಂದ್ರಲೋಕ, ಹೀಗೆ ಕಥೆ ಹರಿಯುತ್ತದೆ. ಮಾಂತ್ರಿಕ ಕಾಲ್ಯೊಸ್ಟ್ರೊ ಕೊಟ್ಟ ವರದಿಂದ ನಾಯಕನಿಗೆ ತಾನು ಬಯಸುವವರೆಗೂ ಮುಪ್ಪಿಲ್ಲ. ಕೊನೆಯಲ್ಲಿ ಹೇಳುಗನೇ ಆ ನಾಯಕನೆಂದು ಬಯಲಾಗುತ್ತದೆ. ತನ್ನೊಡನೆ ಬಾಳಿ ಮುದುಕಿಯಾಗುತ್ತಿರುವ ಹೆಂಡತಿಗಾಗಿ ಅವನು ಚಿರಯೌವನದ ವರವನ್ನು ತ್ಯಜಿಸಿ, ನಮ್ಮ ಕಣ್ಣೆದುರಿಗೇ ಮುದುಕನಾಗುತ್ತಾನೆ.

ಹದಿನೆಂಟನೆಯ ಶತಮಾನದ ಇತಿಹಾಸವನ್ನು ಇದರಿಂದ ಕಲಿಯಹೊರಟವನು ಮೋಸಹೋಗುವನು. ನಿಜವಾದ ಬ್ಯಾರನ್ ಕ್ಯಾಥರೀನಳ ಆಳ್ವಿಕೆಗೆ ಮೊದಲೇ ರಷ್ಯದ ಸೇವೆಯನ್ನು ಮುಗಿಸಿದ್ದನು. ಎರಡನೆಯ ಕ್ಯಾಥರೀನ್ ಪಟ್ಟವೇರಿದುದು 1762ರಲ್ಲಿ. ಚಿತ್ರದ ಸುಲ್ತಾನ ಅಬ್ದುಲ್ ಹಮೀದನು ಆಳಿದುದು 1774ರಿಂದ 1789ರವರೆಗೆ. ಇಸಾಬೆಲ್ಲ ದೆಸ್ತೆ ಎಂಬ ಪ್ರಸಿದ್ಧ ರಾಜಕುಮಾರಿಯಾದರೋ 1539ರಲ್ಲಿಯೇ ಮೃತಳಾದವಳು. ಇಂಥ ಕಾಲವ್ಯತ್ಯಾಸಗಳು ಇಲ್ಲಿ ದೋಷಗಳಲ್ಲ. ಸುಳ್ಳುಗಾರನ ಬಾಯಿಂದ ಬರುವ ಕಥೆಗೆ ಅವು ಸಹಜವೇ.

5. ಮೂರು ಸಂದರ್ಭಗಳು

ವಿದ್ವಾಂಸರ ಗಮನವನ್ನು ಹೆಚ್ಚಾಗಿ ಸೆಳೆದಿರುವುವು ಮೂರು ಸಂದರ್ಭಗಳು. ಒಂದನೆಯದು, ಕಾಲ್ಯೊಸ್ಟ್ರೊ ನಾಯಕನೊಡನೆ ರಾಜ್ಯಾಕ್ರಮಣದ ಸಂಚು ಹೂಡುವ ದೃಶ್ಯ. ಮೊದಲು ಕೂರ್ಲಂಡ್, ಆಮೇಲೆ ಪೋಲಂಡ್, ಅನಂತರ ಅರಸುತನ ಎಂಬುದು ಅವನ ಸೂಚನೆ. ನಾಯಕನು ಇದನ್ನು ನಿರಾಕರಿಸುತ್ತಾನೆ. ಅವನಿಗೆ ಬೇಕಾದುದು ಬಾಳುವುದು, ಆಳುವುದಲ್ಲ. ಎರಡನೆಯದು, ವೆನಿಸ್ಸಿನಲ್ಲಿ ವೃದ್ಧ ಕಾಸನೋವ ನೀಡುವ ಎಚ್ಚರಿಕೆ. ಅಲ್ಲಿಯ ರಾಜ್ಯವಿಚಾರಣಾಧಿಕಾರಿಗಳಿಗೆ ಎಲ್ಲೆಲ್ಲಿಯೂ ಕಣ್ಣುಗಳಿವೆ, ನ್ಯಾಯವನ್ನಾಗಲಿ ಅನ್ಯಾಯವನ್ನಾಗಲಿ ಮನಬಂದಂತೆ ಮಾಡುವ ಶಕ್ತಿಯಿದೆ ಎಂದು ಅವನು ಹೇಳುತ್ತಾನೆ. ಮೂರನೆಯದು ಚಂದ್ರಲೋಕದ್ದು. ಅಲ್ಲಿ ಒಂದು ದಿನವೇ ಒಂದು ವರ್ಷ. ಗಡಿಯಾರವಲ್ಲ, ಕಾಲವೇ ಕೆಟ್ಟುಹೋಗಿದೆಯೆಂಬ ಭಾವದ ಮಾತು ಆ ಸಂದರ್ಭದಲ್ಲಿ ಬರುತ್ತದೆ. ನಾಯಕನ ನಿಷ್ಠಾವಂತ ಸೇವಕನು ಅಲ್ಲಿಯೇ ಮುಪ್ಪಡರಿ ಸಾಯುತ್ತಾನೆ.

1939ರಲ್ಲಿ ಪೋಲಂಡನ್ನು ಆಕ್ರಮಿಸಿದ, ಗುಪ್ತಪೋಲೀಸರ ಮೂಲಕ ಆಳುತ್ತಿದ್ದ ರಾಜ್ಯದಲ್ಲಿ ಈ ಮಾತುಗಳು ಹೇಗೆ ಕೇಳಿಸಿರಬೇಕು? ಇವನ್ನು ಹಿಡಿದು ಚಿತ್ರವನ್ನು ಗುಪ್ತ ಪ್ರತಿಭಟನೆಯೆಂದು ಕೊಂಡಾಡುವವರಿದ್ದಾರೆ. ನಿಷ್ಪಕ್ಷಪಾತವಾಗಿ ನೋಡಿದರೆ ಇಲ್ಲಿ ಎರಡು ಸಂಗತಿಗಳನ್ನು ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.

ಮೊದಲನೆಯದಾಗಿ, ಇವುಗಳಲ್ಲಿ ರಾಜ್ಯಾಧಿಕಾರಕ್ಕೆ ತಗಲುವ ಎರಡು ಮಾತುಗಳಿಗೂ ಇತಿಹಾಸವೇ ಮರೆಯಾಗಿ ನಿಂತಿದೆ. ಪೋಲಂಡನ್ನು ನೆರೆರಾಜ್ಯಗಳು 1772, 1793 ಮತ್ತು 1795ರಲ್ಲಿ ಹಂಚಿಕೊಂಡುದು ಪಠ್ಯಪುಸ್ತಕದಲ್ಲಿರುವ ವಿಷಯ. ವೆನಿಸ್ಸಿನ ವಿಚಾರಣಾಧಿಕಾರಿಗಳು 1755ರಲ್ಲಿ ಕಾಸನೋವನನ್ನು ನಿಜವಾಗಿಯೂ ಸೆರೆಗೆ ಹಾಕಿದ್ದರು. ಮರುವರ್ಷ ಅವನು ತಪ್ಪಿಸಿಕೊಂಡುದು ಯೂರೋಪಿನಲ್ಲೆಲ್ಲ ಪ್ರಸಿದ್ಧವಾಯಿತು. ಪರೀಕ್ಷಾಧಿಕಾರಿಯು ಆಕ್ಷೇಪಿಸಿದ್ದರೆ, ಇದು ಇನ್ನೂರು ವರ್ಷಗಳ ಹಿಂದಿನ ಸತ್ಯಸಂಗತಿಯಲ್ಲವೇ ಎಂದು ಲೇಖಕನು ಉತ್ತರಿಸಬಹುದಾಗಿದ್ದಿತು. ಸುಳ್ಳುಗಳ ಸರಮಾಲೆಯಾದ ಈ ಕಥೆಯಲ್ಲಿ ಸತ್ಯದ ಎಳೆಗಳು ಬಂದಿರುವುದು ಅಪಾಯದ ಮಾತುಗಳಿರುವ ಕಡೆಯಲ್ಲಿಯೇ. ನಮ್ಮ ಪ್ರಸ್ತುತ ವಿಷಯಕ್ಕೆ ಇದೇ ಮುಖ್ಯವಾದುದು.

ಎರಡನೆಯದಾಗಿ, ಮಾತನ್ನು ಬರೆದವನು ಒಬ್ಬನಾದರೆ ಪಾತ್ರಕ್ಕೆ ನಟನನ್ನು ಆರಿಸುವವರು ಬೇರೆ. ಕಾಲ್ಯೊಸ್ಟ್ರೊವಿನ ಪಾತ್ರವನ್ನು ವಹಿಸಿದವನು ಫರ್ಡಿನಾಂಡ್ ಮೇರಿಯನ್. 1940ರಲ್ಲಿ ಯೆಹೂದಿದ್ವೇಷವನ್ನು ಕೆರಳಿಸಲೆಂದೇ ತಯಾರಾದ ‘ಯೂಡ್ ಸ್ಯೂಸ್’ ಚಿತ್ರದಲ್ಲಿ ಮುಖ್ಯಪಾತ್ರವನ್ನಾಡಿದವನೂ ಇವನೇ. ಆ ಮುಖವನ್ನು ಕೋಟ್ಯಂತರ ಪ್ರೇಕ್ಷಕರು ಮರೆತಿರಲಾರರು. ಪೋಲಂಡಿನ ಮೇಲೆ ಕಣ್ಣಿಟ್ಟ ಸಂಚುಗಾರನು ಒಬ್ಬ ಪ್ರೇಕ್ಷಕನಿಗೆ ಹಿಟ್ಲರನಂತೆ ಕಂಡಿದ್ದರೆ, ಇನ್ನೊಬ್ಬನಿಗೆ ಸರಕಾರವು ಕಲಿಸಿಕೊಟ್ಟ ‘ಶತ್ರು’ವಿನಂತೆ ಕಂಡಿರಬಹುದು. ಅದೇ ದೃಶ್ಯ, ಅದೇ ಮಾತು. ಅರ್ಥಗಳು ಮಾತ್ರ ಪರಸ್ಪರ ವಿರುದ್ಧ. ಆದುದರಿಂದ ಚಿತ್ರವನ್ನು ಪ್ರತಿಭಟನೆಯೆಂದು ಕರೆಯುವುದೂ ಕೇವಲ ಪ್ರಚಾರವೆಂದು ತಳ್ಳಿಹಾಕುವುದೂ ಅವಸರದ ತೀರ್ಮಾನಗಳಾಗುತ್ತವೆ. ಎರಡು ಅರ್ಥಗಳಿಗೂ ಅವಕಾಶವಿದ್ದುದರಿಂದಲೇ ಈ ಚಿತ್ರಕಥೆ ಪರೀಕ್ಷಾಧಿಕಾರಿಗಳ ಕಣ್ಣಿನಿಂದ ಪಾರಾಗಿ ತೆರೆಯನ್ನು ಮುಟ್ಟಿತು. ಆ ಕಾರಣದಿಂದಲೇ ಅದು ಸರಕಾರಕ್ಕೆ ಉಪಯೋಗಕ್ಕೂ ಬಂದಿತು.

6. ಅನಂತರದ ಸಂಗತಿಗಳು

ಪ್ರಥಮ ಪ್ರದರ್ಶನ ನಡೆದ ಚಿತ್ರಮಂದಿರವು ಅದೇ ವರ್ಷದ ನವೆಂಬರಿನ ವಿಮಾನದಾಳಿಯಲ್ಲಿ ಉರಿದುಹೋಯಿತು. 1944ರ ಫೆಬ್ರವರಿಯಲ್ಲಿ ಕೆಸ್ಟ್ನರನ ಮನೆಯೂ ಪುಸ್ತಕಭಂಡಾರವೂ ಬಾಂಬಿಗೆ ತುತ್ತಾದುವು. 1945ರ ವಸಂತದಲ್ಲಿ, ಬರ್ಲಿನ್ನಿನ ಪತನ ಸಮೀಪಿಸಿದ್ದಾಗ, ಉಫಾದ ಒಂದು ತಂಡವು ಚಿತ್ರೀಕರಣದ ನೆಪಮಾಡಿಕೊಂಡು ಟಿರೋಲ್ ಪ್ರಾಂತದ ಮೈರ್‌ಹೋಫನ್ ಎಂಬ ಹಳ್ಳಿಯನ್ನು ಸೇರಿಕೊಂಡಿತು. ಕೆಸ್ಟ್ನರ್ ಅದರೊಡನೆ ಇದ್ದನು. ಚಿತ್ರವು ತಯಾರಾಗುತ್ತಿದೆಯೆಂಬ ಆ ಸುಳ್ಳು ಅವರ ಪ್ರಾಣಗಳನ್ನು ಉಳಿಸಿತು. ಈ ದಿನಗಳ ದಿನಚರಿಯನ್ನು ಅವನು 1961ರಲ್ಲಿ ಪ್ರಕಟಿಸಿದನು. ಆದರೆ ಯಾವ ಮಹಾಕಾದಂಬರಿಗಾಗಿ ದೇಶದಲ್ಲಿ ಉಳಿದೆನೆಂದು ಹೇಳಿಕೊಂಡನೋ ಅದನ್ನು 1974ರಲ್ಲಿ ಸಾಯುವವರೆಗೂ ಬರೆಯಲಿಲ್ಲ.

ನಿರ್ದೇಶಕ ಬಾಕಿ ಯುದ್ಧಾನಂತರವೂ ಚಿತ್ರಗಳನ್ನು ತೆಗೆದನು. ಕೆಸ್ಟ್ನರನ ಅವಳಿ ಹುಡುಗಿಯರ ಕಥೆಯನ್ನು 1950ರಲ್ಲಿ ತೆರೆಗೆ ತಂದವನು ಅವನೇ. ಈ ಸಲ ಲೇಖಕನ ಹೆಸರು ಮರೆಯಲ್ಲಿರಲಿಲ್ಲ. ವೋಲ್ಫನ್ ಕಾರ್ಖಾನೆ ಸೋವಿಯತ್ ವಲಯಕ್ಕೆ ಸೇರಿತು. ಅಲ್ಲಿಯ ವರ್ಣಪದ್ಧತಿಯಿಂದಲೇ ಸೋವಿಯತ್ ದೇಶದ ‘ಕಲ್ಲಿನ ಹೂ’ (1946) ಎಂಬ ಇನ್ನೊಂದು ಅದ್ಭುತಕಥೆ ತಯಾರಾಯಿತು. ‘ಮ್ಯುಂಖ್‌ಹೌಸನ್’ ಚಿತ್ರವು ಮೊಟಕಾದ ಪ್ರತಿಗಳಲ್ಲಿ ಬಹುಕಾಲ ಉಳಿದಿದ್ದು, ಬಳಿಕ ಮುರ್ನೌ ಪ್ರತಿಷ್ಠಾನದ ಶ್ರಮದಿಂದ ಜೀರ್ಣೋದ್ಧಾರಗೊಂಡಿತು.

7. ಉಪಸಂಹಾರ

ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. ಕಲ್ಪಿತಕಥೆಯ ಚಿತ್ರವು ತಾನು ವರ್ಣಿಸುವ ಕಾಲಕ್ಕೆ ದುರ್ಬಲವಾದ ಸಾಕ್ಷಿ, ತಾನು ಹುಟ್ಟಿದ ಕಾಲಕ್ಕೆ ಪ್ರಬಲವಾದ ಸಾಕ್ಷಿ. ಆದರೆ ಆ ಸಾಕ್ಷಿಯನ್ನು ಪಡೆಯಲು ತೆರೆಯನ್ನು ನೋಡಿದರೆ ಮಾತ್ರ ಸಾಲದು. ಹಣ ಕೊಟ್ಟವರು ಯಾರು, ಬರೆದವನ ಹೆಸರೇಕೆ ಇಲ್ಲ, ನಟನನ್ನು ಜನ ಮೊದಲು ಎಲ್ಲಿ ಕಂಡಿದ್ದರು, ಆ ವಾರ ಪತ್ರಿಕೆಗಳಲ್ಲಿ ಏನಿದ್ದಿತು ಎಂಬುದನ್ನೆಲ್ಲ ಕೇಳಬೇಕು. ಶಾಸನವನ್ನು ಓದುವಾಗ ದಾನಿ, ಕವಿ, ಲಿಪಿಕಾರರನ್ನು ನಾವು ಬೇರೆಬೇರೆಯಾಗಿ ಗುರುತಿಸುವುದಿಲ್ಲವೇ? ಇಲ್ಲಿಯೂ ಆ ವಿವೇಕವೇ ಬೇಕು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ನಿರಂಕುಶ ಪ್ರಭುತ್ವದಲ್ಲಿ ಬಾಳಿದವರನ್ನು ವೀರರು ಮತ್ತು ದ್ರೋಹಿಗಳು ಎಂದು ಎರಡೇ ಪಂಕ್ತಿಗಳಲ್ಲಿ ಕೂರಿಸಿಬಿಡುವುದು ಅನಂತರ ಹುಟ್ಟಿದವರಿಗೆ ಸುಲಭ. ತನ್ನ ಗ್ರಂಥಗಳನ್ನು ಸುಟ್ಟವರಿಂದ ಸಂಭಾವನೆ ಪಡೆದು ಅವರ ಉತ್ಸವಕ್ಕೆ ಕಥೆ ಬರೆದವನು, ಆ ಕಥೆಯೊಳಗೇ ಅವರಿಗೆ ಒಪ್ಪಿಗೆಯಾಗಲಾರದ ಮಾತುಗಳನ್ನಿಟ್ಟವನು, ಯಾವ ಪಂಕ್ತಿಗೂ ಪೂರ್ತಿಯಾಗಿ ಸೇರುವುದಿಲ್ಲ. ಅವನನ್ನು ಕ್ಷಮಿಸುವುದಾಗಲಿ ದಂಡಿಸುವುದಾಗಲಿ ಇತಿಹಾಸಕಾರನ ಕೆಲಸವಲ್ಲ. ಅವನು ಎಷ್ಟು ಹೇಳಬಹುದಾಗಿದ್ದಿತು, ಎಷ್ಟು ಹೇಳಿದನು, ಅದಕ್ಕೆ ಯಾವ ಬೆಲೆ ತೆತ್ತನು, ಯಾವ ಬೆಲೆ ಪಡೆದನು ಎಂಬುದನ್ನು ಅಳತೆ ತಪ್ಪದೆ ಬರೆದಿಡುವುದು ಮಾತ್ರ ನಮ್ಮ ಕೆಲಸ.